ಕವಲಿನಲ್ಲಿ ಹಾಕದ ಸೊಪ್ಪು

ಕವಲಿನಲ್ಲಿ ನಾನು ಸೊಪ್ಪು ಹಾಕಲಿಲ್ಲ. ಕೇಳಿದವರಿಗೆ ಹಾಕಿದೆ ಎಂದೆ. ಹಾಕಿದ್ದು ನಿಜವೆಂದು ಕಾಣಲಿ ಎಂದು ಆಮೇಲೆ ಹೋಗಿ ಹಾಕಿದೆ. ಇಷ್ಟು ದಿನ ಇದು ಒಂದೇ ತಪ್ಪು ಎಂದುಕೊಂಡಿದ್ದೆ. ಬರೆಯಲು ಕೂತು ನೋಡಿದರೆ ಮೂರಾಗಿದೆ.

ಸೊಪ್ಪು ಎಂದರೆ ಸಾರಿಗೆ ಹಾಕುವ ಸೊಪ್ಪಲ್ಲ. ನಮ್ಮ ಕಡೆ ಕಾಡಿನ ದಾರಿಯಲ್ಲಿ ಗುಂಪಾಗಿ ನಡೆಯುವವರಿಗೆ ಒಂದು ಕಟ್ಟಳೆ ಇದೆ. ದಾರಿ ಎರಡಾಗುವ ಕಡೆ ಮುಂದೆ ಹೋದವನು ನಿಂತು, ಒಂದು ಹಸಿ ಕೊಂಬೆ ಮುರಿದು, ಹೋಗಬಾರದ ದಾರಿಯ ಬಾಯಿಗೆ ಅಡ್ಡ ಹಾಕಿ, ಬುಡದ ಮೇಲೆ ಕಲ್ಲು ಹೇರಬೇಕು. ಹಿಂದೆ ಬರುವವರು ಎಷ್ಟೇ ನಿಧಾನವಾಗಿ ಬಂದರೂ ಸೊಪ್ಪು ನೋಡಿ ಇನ್ನೊಂದು ದಾರಿ ಹಿಡಿಯುತ್ತಾರೆ. ಇಳಿಯುವಾಗ ಎಲ್ಲರಿಗಿಂತ ಕೊನೆಗೆ ಬಂದವನು ಅದನ್ನು ತೆಗೆದು ಬಿಸಾಡಬೇಕು. ಓದು ಬರಹ ಬಾರದವರೂ ತಪ್ಪದೆ ಮಾಡುವ ಕೆಲಸ. ಏಳನೇ ಕ್ಲಾಸಿನ ತನಕ ಓದಿದ ನಾನು ತಪ್ಪಿದೆ.

ಬೆಟ್ಟದ ಹೆಸರು ಹೇಳುವುದಿಲ್ಲ. ಹೇಳಿದರೆ ಬರುವ ಭಾನುವಾರವೇ ಊಟಿಗೆ ಹೋಗುವ ಕಾರುಗಳೆಲ್ಲ ಇತ್ತ ತಿರುಗುತ್ತವೆ, ಕಾಡಿನ ಗೇಟು ಕಾಯುವ ವಾಚರ್ ದೊಣ್ಣೆ ಹಿಡಿದು ನನ್ನ ಅಂಗಡಿಗೆ ಬರುತ್ತಾನೆ. ಹಂಗಳದಲ್ಲಿ ರಸ್ತೆ ಪಕ್ಕ ನನ್ನದೊಂದು ಪಂಕ್ಚರ್ ಅಂಗಡಿ. ಅದರ ಬಾಗಿಲಲ್ಲಿ ಕೂತರೆ ಕಾಣುವ ಬೆಟ್ಟಗಳಲ್ಲಿ ಅದೂ ಒಂದು ಎಂದುಕೊಳ್ಳಿ. ತುದಿಯಲ್ಲಿ ನಮ್ಮ ಮನೆದೇವರ ಕಲ್ಲಿದೆ, ಪಕ್ಕದಲ್ಲಿ ಅಂಗಳದಷ್ಟು ಅಗಲದ ಬಂಡೆಯಿದೆ. ಆ ಬಂಡೆಯ ಮೇಲೆ ನಿಂತರೆ ಕೆಳಗಿನ ಸೀಮೆಯೆಲ್ಲ ಕಾಣುತ್ತದೆ. ಶ್ರಾವಣದ ಮೊದಲ ಸೋಮವಾರ ಮಾತ್ರ ಆ ದೇವರ ಒಕ್ಕಲಿನವರನ್ನು ಕಾಡಿನೊಳಗೆ ಬಿಡುತ್ತಾರೆ. ಬೆಳಗ್ಗೆ ಗೇಟಿನಲ್ಲಿ ಹೆಸರು ಬರೆಸಿ ಹತ್ತಬೇಕು, ಮೂರು ಗಂಟೆಯೊಳಗೆ ಇಳಿದು ಹೆಸರು ಹೊಡೆದುಹಾಕಿಸಬೇಕು.

ಆ ತುದಿಯನ್ನು ನಮ್ಮ ಮನೆಯಲ್ಲಿ ನೋಡದವಳು ಒಬ್ಬಳೇ, ನನ್ನ ಅಕ್ಕ. ಅದಕ್ಕೂ ಕಾರಣ ನಾನೇ. ಅವಳಿಗೆ ಹನ್ನೊಂದು, ನನಗೆ ಎರಡು ವರ್ಷವಿದ್ದಾಗ ಎಲ್ಲರೂ ಹತ್ತಿದರಂತೆ. ಕವಲಿನ ಹತ್ತಿರ ನಾನು ರಚ್ಚೆ ಹಿಡಿದೆನಂತೆ. ‘ನೀನು ಇವನನ್ನು ನೋಡಿಕೋ’ ಎಂದು ಹಿರಿಯರು ಅವಳನ್ನು ಅಲ್ಲೇ ಮರದ ಕೆಳಗೆ ಬಿಟ್ಟು ಮೇಲೆ ಹೋದರು. ಅವರು ಹೋದ ಮರುಗಳಿಗೆಯೇ ನಾನು ನಿದ್ದೆ ಮಾಡಿದೆನಂತೆ. ಇದನ್ನು ಅಕ್ಕ ಒಂದು ಸಾವಿರ ಸಲ ಹೇಳಿದ್ದಾಳೆ. ಮದುವೆಯಾದ ಮೇಲೆ ಗಂಡನ ಮನೆಯ ದೇವರು ಅವಳ ದೇವರಾಯಿತು, ನಮ್ಮ ಬೆಟ್ಟ ದೂರವಾಯಿತು. ದೂರ ಅಂದರೆ ಎರಡು ಬೀದಿ. ಅವಳನ್ನು ಕೊಟ್ಟಿರುವುದು ನಮ್ಮೂರಿಗೇ.

ಅಕ್ಕ ಗುಂಡ್ಲುಪೇಟೆಯಲ್ಲಿ ಹೂ ಮಾರುತ್ತಾಳೆ. ನಲವತ್ತು ದಾಟಿದ ಮೇಲೆ ಮೊಪೆಡ್ ಕಲಿತಳು. ಕಲಿಸಿದವನು ನಾನು, ಎರಡು ಸಲ ಬೇಲಿಗೆ ಹೋಗಿ ಬಿದ್ದವನೂ ನಾನು. ಆಮೇಲೆ ಹಂಗಳದಿಂದ ಪೇಟೆಗೆ ದಿನಾ ಬೆಳಗ್ಗೆ ಮುಂದೆ ಹೂವಿನ ಮೂಟೆ ಇಟ್ಟುಕೊಂಡು ಅವಳೇ ಹೋಗಿ ಬರತೊಡಗಿದಳು. ಭಾವ ಮಾತ್ರ ಇವತ್ತಿನ ತನಕ ಅವಳ ಹಿಂದೆ ಕೂತಿಲ್ಲ. ನಾಚಿಕೆ ಅಂತ ಜನ ಅನ್ನುತ್ತಾರೆ. ನನಗೆ ಗೊತ್ತು, ಅದು ಹೆದರಿಕೆ.

ಎರಡು ವರ್ಷದ ಹಿಂದೆ ಶ್ರಾವಣಕ್ಕೆ ಮುಂಚೆ ಅಕ್ಕ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹೇಳಿದಳು.

“ಈ ಸಲ ನಾನೂ ಬತ್ತೀನಿ ಕಣ್ಲಾ ಬೆಟ್ಟಕ್ಕೆ.”

“ನಿಂದು ಬೇರೆ ದೇವ್ರಲ್ವಾ?”

“ದೇವ್ರು ಬ್ಯಾರೆ ಆದ್ರೆ ಬೆಟ್ಟನೂ ಬ್ಯಾರೆ ಆದದಾ? ನಾ ದಿನಾ ಗಾಡಿ ಓಡ್ಸೊ ರಸ್ತೆ ಮೇಲಿಂದ ಎಂಗ್ ಕಾಣ್ತದ ಅಂತ ಒಂದ್ಸಲ ನೋಡ್ಬುಡ್ಬೇಕು.”

ಹೀಗೆ ಐದು ಜನ ಹೊರಟೆವು. ನಾನು, ನನ್ನ ಹೆಂಡತಿ, ಭಾವ, ಅಕ್ಕ, ಜೊತೆಗೆ ನಮ್ಮ ದೊಡ್ಡಮ್ಮ. ದೊಡ್ಡಮ್ಮ ಎಂದರೆ ಅವ್ವನ ಅಕ್ಕ; ಎಪ್ಪತ್ತು ದಾಟಿದೆ, ಎರಡು ಕಣ್ಣಿಗೂ ಆಪರೇಷನ್ ಆಗಿದೆ, ಬಾಯಿಗೆ ಮಾತ್ರ ಏನೂ ಆಗಿಲ್ಲ.

ಗೇಟಿನಲ್ಲಿ ವಾಚರ್ ಹೆಸರು ಬರೆದುಕೊಂಡು ಎಚ್ಚರಿಸಿದ. “ಗುಂಪು ಒಡೀಬ್ಯಾಡಿ. ಆನೆ ಮರಿ ಆಕದೆ, ಸುತ್ತಮುತ್ಲೇ ಓಡಾಡ್ತಾ ಅವೆ.”

“ಬಾಣಂತಿ ಮನೆಗೆ ಬರಿಗೈಲಿ ಬಂದಿದ್ದೀವಾ?” ಎಂದಳು ದೊಡ್ಡಮ್ಮ, ಅಕ್ಕನ ಚೀಲ ತೋರಿಸುತ್ತ. “ಚಿತ್ರಾನ್ನ ಅದ, ಮೊಸರನ್ನ ಅದ.”

ಆ ಚೀಲದಲ್ಲಿ ಹುಚ್ಚೆಳ್ಳು ಚಟ್ನಿಯೂ ಇತ್ತು, ದೇವರಿಗೆ ಒಡೆಯುವ ಕಾಯಿಯೂ ಇತ್ತು. ನಾನು ಹೊರುತ್ತೇನೆ ಎಂದೆ. ‘ನೀ ಹೊತ್ರೆ ಮೇಲೆ ಹೋಗೋದ್ರೊಳ್ಗೆ ಖಾಲಿ ಮಾಡ್ತೀಯ’ ಎಂದು ಅಕ್ಕ ಕೊಡಲಿಲ್ಲ. ಈ ಮಾತು ಮುಂದೆ ಎಷ್ಟು ದುಬಾರಿಯಾಯಿತು ಎಂದರೆ, ಹೊಟ್ಟೆ ನೆನೆಸಿಕೊಂಡು ಈಗಲೂ ಸಂಕಟಪಡುತ್ತದೆ.

ತುಂತುರು ಬಿದ್ದು ನಿಂತಿತ್ತು. ಲಂಟಾನದ ಪೊದೆ ಸೋಕಿದರೆ ಮೈಯೆಲ್ಲ ನೆನೆಯುತ್ತಿತ್ತು. ಮರದ ಮೇಲೆ ಕಪ್ಪು ಮೂತಿಯ ಮುಸುವಗಳು ಬಾಲ ಇಳಿಬಿಟ್ಟು ಕೂತು, ನಾವು ಐದು ಜನ ಯಾವ ಸುಖಕ್ಕೆ ಹತ್ತುತ್ತಿದ್ದೇವೆ ಎನ್ನುವಂತೆ ನೋಡಿದವು. ವಾಚರ್ ಹೇಳಿದ ಮಾತು ಅರ್ಧ ಗಂಟೆ ಉಳಿಯಿತು. ಆಮೇಲೆ ಗುಂಪು ತಾನಾಗಿಯೇ ಒಡೆಯಿತು. ಅಕ್ಕ ಕಾಡುಹೂ ಕಂಡಲ್ಲೆಲ್ಲ ನಿಲ್ಲುವವಳು, ದೊಡ್ಡಮ್ಮ ನಿಂತಲ್ಲೆಲ್ಲ ಕತೆ ಹೇಳುವವಳು. ಅವರಿಬ್ಬರೂ ಹಿಂದೆ ಬಿದ್ದರು.

“ನೀವು ನಡೀರಿ,” ಎಂದು ಅಕ್ಕ ಕೆಳಗಿನಿಂದ ಕೂಗಿದಳು. “ಕವಲಲ್ಲಿ ಸೊಪ್ಪು ಆಕ್ಬುಡು, ನಾವ್ ಬತ್ತೀವಿ.”

“ಆಯ್ತು,” ಎಂದು ನಾನೂ ಕೂಗಿದೆ.

ಕವಲಿನಲ್ಲಿ ಬಲದ ದಾರಿ ಬಂಡೆಗೆ ಹೋಗುತ್ತದೆ. ಎಡದ್ದು ಹಳೆಯ ಕಟ್ಟೆಯೊಂದಕ್ಕೆ ಇಳಿಯುತ್ತದೆ. ಹಿಂದೆ ದನ ನೀರು ಕುಡಿಯುತ್ತಿದ್ದ ಕಟ್ಟೆ, ಈಗ ಆನೆಗಳದು. ನೋಡಲು ಎಡದ್ದೇ ಅಗಲ, ಎಡದ್ದೇ ಸಲೀಸು. ಭಾವನನ್ನೂ ಹೆಂಡತಿಯನ್ನೂ ಮುಂದೆ ಕಳಿಸಿ, “ಸೊಪ್ಪು ಹಾಕಿ ಬರ್ತೀನಿ” ಎಂದು ನಿಂತೆ. ತಂಗಡಿ ಗಿಡಕ್ಕೆ ಕೈ ಹಾಕಿಯೂ ಆಗಿತ್ತು. ಆಗ ಜೇಬಿನಲ್ಲಿ ಫೋನು ಕಿಣಿಕಿಣಿ ಅಂದಿತು.

ಆ ಕಾಡಿನಲ್ಲಿ ಎಲ್ಲೂ ಸಿಗದ ಟವರ್ ಆ ಕವಲಿನಲ್ಲಿ ಸಿಗುತ್ತದೆ, ಅದೂ ಕೇರಳದ್ದು. ಮೊದಲು ಮಲಯಾಳದಲ್ಲಿ ಒಂದು ಮೆಸೇಜು ಬಂತು. ಆಮೇಲೆ ಗೆಳೆಯ ಕಳಿಸಿದ ವೀಡಿಯೊ. ಹಿಂದಿನ ದಿನ ಮ್ಯಾಚಿನ ಕೊನೆಯ ಓವರಿಗೆ ಸರಿಯಾಗಿ ಊರಲ್ಲಿ ಕರೆಂಟು ಹೋಗಿತ್ತು. ಆ ಆರು ಬಾಲು ಈಗ ನನ್ನ ಅಂಗೈಯಲ್ಲಿ! ಒಂದು ಬಾಲು ಬರುವುದು, ವೀಡಿಯೊ ನಿಂತು ಚಕ್ರ ತಿರುಗುವುದು. ಇನ್ನೊಂದು ಬಾಲು ಬರುವುದು, ಚಕ್ರ ತಿರುಗುವುದು. ಆಚೆ ಹೆಜ್ಜೆ ಇಟ್ಟರೆ ಟವರ್ ಹೋಗುತ್ತದೆಂದು ಕೊಕ್ಕರೆಯಂತೆ ನಿಂತೆ. ಆರು ಬಾಲಿಗೆ ಕಾಲು ಗಂಟೆ ಹಿಡಿಯಿತು. ಗೆದ್ದೆವು. ಅಷ್ಟರಲ್ಲಿ ಮೇಲಿನಿಂದ ಹೆಂಡತಿ ‘ಕೂ’ ಎಂದು ಕೂಗಿದಳು. ಕಾಡಿನಲ್ಲಿ ನಾವು ಹೆಸರು ಹಿಡಿದು ಕೂಗುವುದಿಲ್ಲ, ‘ಕೂ’ ಅನ್ನುತ್ತೇವೆ. ನಾನೂ ‘ಕೂ’ ಎಂದು ಓಡಿದೆ. ಗೆದ್ದ ಖುಷಿಯಲ್ಲಿ ಕೈ ಖಾಲಿಯಿತ್ತು, ತಲೆಯೂ ಖಾಲಿಯಿತ್ತು.

ಬಂಡೆ ಹತ್ತಿದಾಗ ಮೋಡ ಸರಿದಿತ್ತು. ದಕ್ಷಿಣಕ್ಕೆ ನೀಲಗಿರಿ, ಒಂದರ ಹಿಂದೊಂದು. ಇತ್ತ ಕೆಳಗೆ ಚೆಂಡು ಹೂವಿನ ಹೊಲಗಳು ಹಳದಿ, ಕೇಸರಿ ಪಟ್ಟಿಪಟ್ಟಿಯಾಗಿ, ನಡುನಡುವೆ ಅರಿಶಿನದ ಹಸಿರು. ರಸ್ತೆ ತೊಳೆದು ಒಣಗಹಾಕಿದ ಟ್ಯೂಬಿನಂತೆ ಕರ್ರಗೆ ಬಿದ್ದಿತ್ತು. ‘ಅಕ್ಕ ನೋಡಿದರೆ ಕುಣಿಯುತ್ತಾಳೆ’ ಎಂದು ನಾನೇ ಹೇಳಿದೆ. ಆ ಹೊತ್ತಿಗೂ ಸೊಪ್ಪಿನ ನೆನಪು ಬರಲಿಲ್ಲ.

ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕ ಬರಲಿಲ್ಲ. ಕಾಯಿ ಅವಳ ಚೀಲದಲ್ಲಿ, ಆದ್ದರಿಂದ ಪೂಜೆಯಿಲ್ಲ. ಅನ್ನ ಅವಳ ಚೀಲದಲ್ಲಿ, ಆದ್ದರಿಂದ ಊಟವಿಲ್ಲ. ಭಾವ ಬಂಡೆಯ ಮೇಲೆ ಮಲಗಿ ಆಕಾಶಕ್ಕೆ ಹೇಳಿದ. “ದೇವ್ರೂ ಉಪಾಸ, ನಾವೂ ಉಪಾಸ. ಸೊಪ್ಪು ಆಕಿದ್ದೆ ತಾನೇ?”

“ಹಾಕ್ದೆ ಭಾವ,” ಎಂದೆ. ಬಾಯಿ ಮೊದಲು ಹೇಳಿತು. ಹಾಕಿಲ್ಲವೆಂದು ನೆನಪಾದದ್ದು ಆಮೇಲೆ.

ನೋಡಿಕೊಂಡು ಬರುತ್ತೇನೆ ಎಂದು ಒಬ್ಬನೇ ಇಳಿದೆ. ಕವಲಿನ ಕೆಸರಿನಲ್ಲಿ ಎರಡು ಜೊತೆ ಬರಿಗಾಲಿನ ಗುರುತು ಎಡಕ್ಕೆ ಹೋಗಿದ್ದವು. ಒಂದು ಅಗಲ ಪಾದ, ದೊಡ್ಡಮ್ಮನದು. ಇನ್ನೊಂದು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳದು. ಎಡಕ್ಕೆ ಆನೆಯ ಕಟ್ಟೆ, ಮರಿ ಹಾಕಿದ ಆನೆ.

ಯಾರೇ ಆದರೂ ಆಗ ಮೊದಲು ‘ಕೂ’ ಎಂದು ಕೂಗುತ್ತಿದ್ದರು. ನಾನು ಮೊದಲು ಕೊಂಬೆ ಮುರಿದೆ. ಒಳ್ಳೆ ಉದ್ದದ ತಂಗಡಿ ಕೊಂಬೆ. ಎಡದ ದಾರಿಗೆ ಅಡ್ಡ ಹಾಕಿ, ಕಲ್ಲು ಹೇರಿ, ಒಂದು ಹೆಜ್ಜೆ ಹಿಂದೆ ಸರಿದು ಚೆನ್ನಾಗಿ ಕಾಣುತ್ತದೆಯೇ ಎಂದೂ ನೋಡಿದೆ. ಆಮೇಲೆ ಕೂಗಿದೆ. ಈ ಸಾಲು ಬರೆಯುವಾಗ ಪೆನ್ನು ಎರಡು ಸಲ ಕೆಳಗಿಟ್ಟೆ.

ದೇವರು ದೊಡ್ಡವನು. ಕೆಳಗಿನಿಂದ ದೊಡ್ಡಮ್ಮನ ‘ಕೂ’ ಬಂತು. ಸ್ವಲ್ಪ ಹೊತ್ತಿಗೆ ಇಬ್ಬರೂ ಏದುಸಿರು ಬಿಡುತ್ತ ಹತ್ತಿ ಬಂದರು. ಯಾವ ದಾರಿಯೆಂದು ನೆನಪಾಗದೆ ಅಗಲದ್ದನ್ನೇ ಹಿಡಿದು ಕಟ್ಟೆಯ ತನಕ ಹೋಗಿ, ನಾವು ಕಾಣದ್ದಕ್ಕೆ ಎಲ್ಲೋ ಹಿಂದೆ ಉಳಿದೆವೆಂದುಕೊಂಡು ಅಲ್ಲೇ ಕಾದಿದ್ದರಂತೆ. ಹಬೆಯಾಡುವ ಲದ್ದಿ ಕಂಡ ಮೇಲೆ ಎದ್ದರಂತೆ. ‘ಲದ್ದಿಗೂ ಕೈ ಮುಗ್ದೆ, ಗಣಪ ಅಲ್ವಾ’ ಎಂದಳು ದೊಡ್ಡಮ್ಮ. ಅಕ್ಕ ಚೀಲ ತಲೆಯ ಮೇಲೆ ಹೊತ್ತು ಹಾಗೇ ನಿಂತು ಅಡ್ಡ ಬಿದ್ದ ಕೊಂಬೆಯನ್ನು ನೋಡುತ್ತಿದ್ದಳು.

“ಇಷ್ಟುದ್ದ ಸೊಪ್ಪು ಬಿದ್ದದ,” ಎಂದಳು. “ನನ್ ಕಣ್ಗೆ ಕಾಣ್ನೇ ಇಲ್ವಲ್ಲ.”

“ನನ್ಗೂ ಕಾಣ್ಲಿಲ್ಲ,” ಎಂದಳು ದೊಡ್ಡಮ್ಮ.

“ನಿಂದು ಆಪ್ರೇಸನ್ ಆಗಿರೋ ಕಣ್ಣು ದೊಡ್ಡವ್ವ. ನಂದಕ್ಕೇನ್ ಬಂದಿತ್ತು ರೋಗ?” ಎಂದು ನನ್ನ ಕಡೆ ತಿರುಗಿ, “ನನ್ನಿಂದ ನೀವೆಲ್ಲ ಅಸ್ಕೊಂಡು ಕೂರಂಗಾಯ್ತು. ಬೇಜಾರ್ ಮಾಡ್ಕೋಬ್ಯಾಡ ಕಣ್ಲಾ” ಎಂದಳು.

ತಪ್ಪು ಮಾಡಿದವನ ಮುಂದೆ ಮಾಡದವಳು ಕ್ಷಮೆ ಕೇಳಿದಳು. ನಾನು ‘ಇರ್ಲಿ ಬುಡಕ್ಕ’ ಎಂದು ದೊಡ್ಡ ಮನಸ್ಸು ಮಾಡಿದೆ!

ಮತ್ತೆ ಹತ್ತಿ ಇಳಿಯಲು ಹೊತ್ತಿರಲಿಲ್ಲ. ನಾನು ‘ಕೂ’ ಎಂದು ಭಾವನನ್ನೂ ಹೆಂಡತಿಯನ್ನೂ ಕೆಳಕ್ಕೆ ಕರೆದೆ. ಕವಲಿನಲ್ಲೇ ಬೆಟ್ಟಕ್ಕೆ ಮುಖ ಮಾಡಿ ಕಾಯಿ ಒಡೆದೆವು, ಅಲ್ಲೇ ಉಂಡೆವು. ದೊಡ್ಡಮ್ಮ ಮೊಸರನ್ನ ತಿನ್ನುತ್ತ, ಇನ್ನೊಂದು ಕೈಯಲ್ಲಿ ಆ ಕೊಂಬೆಯ ಎಲೆ ಸವರುತ್ತ ಕೂತಿದ್ದಳು. ಒಮ್ಮೆ ಎಲೆ ನೋಡುವಳು, ಒಮ್ಮೆ ನನ್ನನ್ನು. ಇಳಿಯುವಾಗ ನಾನೇ ಕೊನೆಗೆ ಉಳಿದು ಆ ಕೊಂಬೆಯನ್ನು ಕೈಲಾದಷ್ಟು ದೂರ ಎಸೆದೆ.

ಇಷ್ಟಕ್ಕೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಮಾರನೆಯ ದಿನ ಅಕ್ಕ ಮೊಪೆಡ್ ಹೊರಗೆ ತೆಗೆಯಲಿಲ್ಲ. “ಅಷ್ಟುದ್ದ ಸೊಪ್ಪು ಕಾಣ್ದೋಳ್ಗೆ ಎದ್ರಿಗ್ ಬರೋ ಲಾರಿ ಕಂಡದಾ?” ಎಂದಳು. ಕಣ್ಣಿನ ಡಾಕ್ಟರಿಗೆ ತೋರಿಸಲು ಚಾಮರಾಜನಗರಕ್ಕೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೊನೆಯ ಸಾಲಿನ ತನಕ ಓದಿದಳು. ದೂರದ್ದು ಚೆನ್ನಾಗಿದೆ, ಹೂ ಕಟ್ಟಲು ಮಾತ್ರ ಒಂದು ಹತ್ತಿರದ ಕನ್ನಡಕ ಸಾಕು ಎಂದರು. ಹೊರಗೆ ಬಂದು ಅಕ್ಕ ಹೇಳಿದಳು: “ಡಾಕ್ಟ್ರು ಗೋಡೆ ಮ್ಯಾಲೆ ಅಕ್ಷರ ಆಕಿದ್ರು. ಸೊಪ್ಪು ಆಕಿರ್ನಿಲ್ಲ.”

ಆಗಲೇ ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ. ಎದುರಿಗೆ ಕಬ್ಬಿನ ಹಾಲಿನ ಗಾಡಿಯಿತ್ತು. “ಜ್ಯೂಸ್ ಕುಡೀತೀಯಾ ಅಕ್ಕ?” ಎಂಬ ಮಾತು ಬಂತು.

ಅಂದಿನಿಂದ ಬೆಳಗಿನ ಜಾವ ಅಕ್ಕನನ್ನೂ ಹೂವಿನ ಮೂಟೆಯನ್ನೂ ನನ್ನ ಬೈಕಿನಲ್ಲಿ ಪೇಟೆಗೆ ಬಿಡುವ ಕೆಲಸ ನನ್ನದಾಯಿತು. ತೆರಕಣಾಂಬಿಯಲ್ಲಿ ಮದುವೆಯಿದ್ದರೆ ಹಾರ ಹೊತ್ತು ಅಲ್ಲಿಗೂ. ಹಿಂದೆ ಕೂತು ಕಣ್ಣಿನ ಪರೀಕ್ಷೆ ತಾನೇ ಮಾಡಿಕೊಳ್ಳುತ್ತಿದ್ದಳು.

“ಅದು ಎಮ್ಮೆನಾ ಬಂಡೆನಾ?”

“ಎಮ್ಮೆ ಕಣಕ್ಕ.”

“ನಂಗೂ ಎಮ್ಮೆ ಅಂತ್ಲೇ ಕಂಡ್ತು. ಆದ್ರೂ ನಂಬಕಾಗಲ್ಲ ಬುಡು.”

ಒಮ್ಮೆ ದೂರದಲ್ಲಿ ಬರುತ್ತಿದ್ದ ಬಸ್ಸಿನ ಬೋರ್ಡನ್ನು ನನಗಿಂತ ಮೊದಲೇ ಓದಿದಳು. ನಾನು ಹೊಗಳಿದೆ. ‘ಆ ಹೊತ್ತಿಗೆ ಆ ಬಸ್ಸೇ ಬರೋದು, ಅದ್ಕೇನ್ ಕಣ್ ಬೇಕಾ’ ಎಂದಳು. ಮೊಪೆಡ್ ಹಳೆಯ ಜಮಖಾನ ಹೊದ್ದು ಜಗಲಿಯ ಮೂಲೆ ಸೇರಿತು. ಅದರ ಸೀಟಿನ ಮೇಲೆ ಅವಳ ಕೆಂಪು ಕೋಳಿ ಮೊಟ್ಟೆಯಿಡತೊಡಗಿತು. ಅಕ್ಕ ಮೊದಲಿನಂತೆ ಯಾರನ್ನೂ ರೇಗಿಸುತ್ತಿರಲಿಲ್ಲ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿದ್ದಳು. ಕಣ್ಣು ನೆಟ್ಟಗಿದ್ದವಳು ಕುರುಡಿಯ ಹಾಗೆ ನಡೆಯುವುದನ್ನು ನೋಡುತ್ತ, ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಾನು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದೆ.

ಗೊತ್ತಿದ್ದವಳು ಇನ್ನೊಬ್ಬಳಿದ್ದಳು. ಬೆಟ್ಟಕ್ಕೆ ಹೋಗಿ ಬಂದ ವಾರದಲ್ಲೇ ದೊಡ್ಡಮ್ಮ ಅಂಗಡಿಗೆ ಬಂದು ಹಳೆಯ ಟೈರಿನ ಮೇಲೆ ಕೂತು ಕೇಳಿದಳು.

“ತಂಗಡಿ ಸೊಪ್ಪು ಮುರುದ್ರೆ ಎಷ್ಟೊತ್ಗೆ ಬಾಡ್ತದ ಮಗ?”

“ನಂಗೆಂಗೊತ್ತು ದೊಡ್ಡವ್ವ?”

“ಒಂದ್ ಗಂಟೇಗೆಲ್ಲ ಎಲೆ ಮಡುಚ್ಕತದ. ಬೆಳಿಗ್ಗೆ ಮುರುದ್ದು ಮಧ್ಯಾನದ್ ಗಂಟ ನಗ್ತಾ ಬಿದ್ದಿತ್ತಲ್ಲ, ಅದ್ಕೇ ಕೇಳ್ದೆ.”

ನಾನು ಎದ್ದು ಹೋಗಿ ಎಲೆ ಅಡಿಕೆ ತಂದುಕೊಟ್ಟೆ. ಅಲ್ಲಿಂದ ಮುಂದೆ ದೊಡ್ಡಮ್ಮನಿಗೆ ಎಲೆ ಅಡಿಕೆ ಬೇಕಾದಾಗ, ಮಗಳ ಮನೆಗೆ ಹೋಗಬೇಕಾದಾಗ, ಹಲ್ಲಿನ ಸೆಟ್ಟು ಸಡಿಲವಾದಾಗಲೆಲ್ಲ ಬಂದು ತಂಗಡಿ ಗಿಡದ ಗುಣ ವಿಚಾರಿಸುತ್ತಿದ್ದಳು. ‘ನೀನೇ ಅಕ್ಕಂಗೆ ಹೇಳ್ಬುಡು’ ಎಂದು ಒಮ್ಮೆ ಬೇಡಿಕೊಂಡೆ. “ಸೊಪ್ಪು ಆಕ್ದೋನು ನೀನು, ತಗ್ಯೋನೂ ನೀನೇ,” ಎಂದಳು. “ನಾ ಯಾಕ್ಲಾ ಮುಟ್ಲಿ?”

ಮತ್ತೆ ಶ್ರಾವಣ ಬಂತು. ಸೋಮವಾರಕ್ಕೆ ಎರಡು ದಿನ ಮುಂಚೆ ಅಕ್ಕ ಮೊಪೆಡ್ಡಿನ ಕೀಲಿ ನನ್ನ ಕೈಗೆ ಕೊಟ್ಟಳು. ತೆರಕಣಾಂಬಿಯವರೊಬ್ಬರು ಗಾಡಿ ಕೊಳ್ಳಲು ಗುರುವಾರ ಬರುತ್ತಾರೆ, ನಾಲ್ಕು ದಿನದಲ್ಲಿ ಚಕ್ರಕ್ಕೆ ಗಾಳಿ ತುಂಬಿ ಸರಿ ಮಾಡಿಡು ಎಂದಳು. ಬೆಟ್ಟಕ್ಕೆ ಬರುತ್ತೀಯಾ ಎಂದು ಕೇಳಿದೆ. “ಕವಲಿನ ಗಂಟ ಬತ್ತೀನಿ,” ಎಂದಳು. ಯಾಕೆ ಅಷ್ಟೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಈ ಸಲವೂ ಅದೇ ಐದು ಜನ. ಅಕ್ಕ ಹಾದಿಯುದ್ದಕ್ಕೂ ನನ್ನ ಅಂಗಿಯ ಚುಂಗು ಹಿಡಿದು ನಡೆದಳು, ನಾನು ಎರಡು ವರ್ಷದವನಿದ್ದಾಗ ಅವಳ ಲಂಗ ಹಿಡಿಯುತ್ತಿದ್ದ ಹಾಗೆ. ಭಾವನೂ ನನ್ನ ಹೆಂಡತಿಯೂ ಮುಂದೆ ಹೋಗಿದ್ದರು. ಕವಲು ಬಂದಾಗ ಅಂಗಿ ಬಿಟ್ಟಳು. ಎಡದ ದಾರಿಯ ಬಾಯಿಗೆ ಹೋಗಿ, ಟವೆಲ್ ಹಾಸಿ, ಅಡ್ಡಲಾಗಿ ಕಾಲು ನೀಡಿ ಕೂತುಬಿಟ್ಟಳು.

“ಏನಕ್ಕ ಇದು?”

“ಸೊಪ್ಪು ಆಕ್ಬ್ಯಾಡ ಈ ಸಲ. ನಾನೇ ಇಲ್ಲಿ ಅಡ್ಡ ಕೂತಿರ್ತೀನಿ. ಇಂದೆ ಬೇರೆ ಮನೆಯೋರು ಬತ್ತಾವ್ರೆ, ಅವ್ರಲ್ಲೂ ನನ್ನಂಗೆ ಕಣ್ ಕಾಣ್ದೋರು ಇರ್ತಾರೆ. ನಾನಾದ್ರೆ ಎಲ್ರಿಗೂ ಕಾಣ್ತೀನಿ. ನೀವ್ ಓಗಿ ನೋಡ್ಕೊಂಡ್ ಬನ್ನಿ.”

ದೊಡ್ಡಮ್ಮ ಒಂದು ಬೇರಿನ ಮೇಲೆ ಕೂತು ನನ್ನನ್ನೇ ನೋಡಿದಳು. ಜೇಬಿನಲ್ಲಿ ಫೋನು ಕಿಣಿಕಿಣಿ ಅಂದಿತು. ನಾನು ತೆಗೆಯಲಿಲ್ಲ.

“ಅಕ್ಕ, ಮೇಲಕ್ಕೇಳು. ನಿನ್ ಕಣ್ಣು ಚೆನ್ನಾಗದ.”

“ಡಾಕ್ಟ್ರಂಗೆ ಮಾತಾಡ್ಬ್ಯಾಡ.”

“ಅವತ್ತು ನೀನು ಬಂದಾಗ ಇಲ್ಲಿ ಸೊಪ್ಪೇ ಇರ್ನಿಲ್ಲ. ಮ್ಯಾಚ್ ನೋಡ್ತಾ ಮರ್ತ್‌ಬುಟ್ಟೆ. ನೀವು ಕಟ್ಟೆ ತಾವ ಇದ್ದಾಗ ಬಂದು ಆಕ್ದೆ.”

ನಾನು ಹೇಳಿದ್ದನ್ನು ಅಕ್ಕ ಒಂದೊಂದಾಗಿ ಜೋಡಿಸಿಕೊಂಡಳು. ಮೊದಲು ದೊಡ್ಡಮ್ಮನ ಕಡೆ ನೋಡಿದಳು. ದೊಡ್ಡಮ್ಮ ಅವಸರದಲ್ಲಿ ಮರದ ಮೇಲಿನ ಮುಸುವ ನೋಡತೊಡಗಿದಳು.

“ಅಂಗಾರೆ ಅದು ಎಮ್ಮೆನೇ?” ಎಂದಳು ಅಕ್ಕ.

“ಎಲ್ಲಾ ಎಮ್ಮೆನೂ ಎಮ್ಮೆನೇ ಅಕ್ಕ.”

“ಒಂದ್ ವರ್ಷ!” ಎಂದು ಎದ್ದು ನಿಂತಳು. ಟವೆಲ್ ಕೊಡವಿ ಅದರಿಂದಲೇ ನನ್ನ ಬೆನ್ನಿಗೆ ಎರಡು ಬಿಗಿದಳು. “ಒಂದ್ ವರ್ಷ ನನ್ ಗಾಡಿ ಮೇಲೆ ಕೋಳಿ ಕೂರಿಸ್ದಲ್ಲೋ! ಗೋಡೆ ತಡವ್ಕೊಂಡು ಓಡಾಡ್ದೆನಲ್ಲೋ! ಗುರುವಾರ ಮಾರ್ಬುಡ್ತಿದ್ದೆ!” ಇನ್ನೂ ಎರಡು ಬಿದ್ದವು. ಆಮೇಲೆ ಮುಖ ಆಚೆ ತಿರುಗಿಸಿದಳು. ಅಳುತ್ತಾಳೆ ಎಂದುಕೊಂಡೆ. ಕಣ್ಣು ಕಿರಿದು ಮಾಡಿ ಬಲದ ದಾರಿಯುದ್ದಕ್ಕೂ ನೋಡಿ, “ಅಗೋ ಅಲ್ಲಿ, ಆ ಮತ್ತಿ ಮರದ ಕೊನೆ ಕೊಂಬೇಲಿ ಒಂದು ಜೇನು ಕಟ್ಟದ. ನಿಂಗ್ ಕಾಣ್ತದಾ?” ಎಂದಳು.

ನನಗೆ ಕಾಣಲಿಲ್ಲ. ನಿಜಕ್ಕೂ ಕಾಣಲಿಲ್ಲ.

“ಸರಿ ಬಾ, ಮೇಲಕ್ಕೋಗನ,” ಎಂದು ನಾನು ಚೀಲ ಎತ್ತಿ ತಲೆಯ ಮೇಲೆ ಇಟ್ಟುಕೊಂಡೆ. ಹೇಳಬೇಕಾದ್ದೆಲ್ಲ ಹೇಳಿ ಮುಗಿಯಿತು ಎಂದುಕೊಂಡು ಹೆಜ್ಜೆ ಹಾಕಿದೆ. ಅವಳು ಅಲ್ಲಾಡಲಿಲ್ಲ.

“ಏನೇನ್ ಮಾಡ್ದೆ ಅಂತ ಹೇಳ್ದೆ. ಹೇಳ್ಬೇಕಾದ್ದು ಇನ್ನೂ ಹೇಳಿಲ್ಲ ನೀನು.”

“ಏನಕ್ಕ?”

“ನಿಂಗೊತ್ತು. ಮೇಲೆ ನಿಮ್ ಭಾವ ಅವ್ರೆ, ದೇವ್ರೂ ಅದ. ಇಬ್ರಿಗೂ ಕೇಳಂಗೆ ಹೇಳು, ಕೂ ಹಾಕಂಗೆ.”

ಚೀಲ ಕೆಳಗಿಟ್ಟೆ. ಮೊದಲು ತಂಗಡಿ ಕೊಂಬೆ ಮುರಿದು ಎಡದ ದಾರಿಗೆ ಅಡ್ಡ ಹಾಕಿ ಕಲ್ಲು ಹೇರಿದೆ. ಅವಳು ನಿಂತು ನೋಡಿದಳು. ಆಮೇಲೆ ಎರಡೂ ಕೈ ಬಾಯಿಗೆ ಗೂಡು ಮಾಡಿ, ಬೆಟ್ಟದ ಕಡೆ ಅಲ್ಲ, ಅವಳ ಕಡೆಗೇ ತಿರುಗಿ ಕೂಗಿದೆ.

“ಸೊಪ್ಪು ಆಕ್ನಿಲ್ಲ ನಾನು, ಸುಳ್ ಹೇಳ್ದೆ. ತಪ್ಪಾಯ್ತು ಕಣಕ್ಕಾ!”